ಒಳಕೋಣೆಯ ಮೂವತ್ತೊಂಬತ್ತು

ಆ ಬೀದಿಯಲ್ಲಿ ಮಡಕೆ ಒಡೆದ ಸದ್ದು ಕೇಳಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕೆಡವೋ ಮೇಸ್ತ್ರಿ ಮನೆಯಲ್ಲಿ ಏನೋ ನಡೆದಿದೆ ಅಂದುಕೊಂಡು ತಂತಮ್ಮ ಕೆಲಸಕ್ಕೆ ಬೀಳುತ್ತಿದ್ದರು. ಹಳೆಯ ಮನೆಗಳನ್ನು ಉರುಳಿಸುವುದೇ ಆ ಮನೆಯವರ ಕಸುಬು. ಅಪ್ಪ ಮಾಡಿದ, ಅವನು ಹೋದ ಮೇಲೆ ದೊಡ್ಡ ಮಗ, ಈಗಿನ ಮೇಸ್ತ್ರಿ, ಮಾಡುತ್ತಿದ್ದ. ಗೋಡೆಗೆ ಹಾರೆ ಹಾಕುವಾಗ, ನೆಲ ಅಗೆಯುವಾಗ ಮಣ್ಣಿನ ಪಾತ್ರೆಗಳು ಸಿಗುತ್ತವೆ. ಯಾವ ಕಾಲದಲ್ಲೋ ಯಾರೋ ಹೂತಿಟ್ಟ ಹೂಜಿ, ಗೋಡೆಯೊಳಗೇ ಸೇರಿಸಿ ಕಟ್ಟಿದ ಕುಡಿಕೆ, ಅಡಿಪಾಯದ ಕೆಳಗಿನ ಗುಡಾಣ. ಅಪ್ಪ ಒಂದೊಂದನ್ನೂ ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ಮನೆಗೆ ತಂದಿದ್ದ. ಅವನು ಕಣ್ಣು ಮುಚ್ಚುವ ಹೊತ್ತಿಗೆ ಮುನ್ನೂರರ ಹತ್ತಿರ ಬಂದಿದ್ದವು.

ಅವನ ಹೆಂಡತಿ, ಈಗಿನ ಅಜ್ಜಿ, ಒಡೆದ ಪಾತ್ರೆ ಕೂಡಿಸುವವರ ಮನೆಯ ಮಗಳು. ಅವಳ ಅಪ್ಪ ಬೀದಿ ಬೀದಿ ತಿರುಗಿ ಬಿರುಕು ಬಿಟ್ಟದ್ದಕ್ಕೆಲ್ಲ ಬೆಸುಗೆ ಹಾಕುತ್ತಿದ್ದ. ಬೆಸುಗೆಯಲ್ಲಿ ಎರಡು ಬಗೆ ಎಂದು ಅವನೇ ಕಲಿಸಿದ್ದು. ಬಳಸುವ ಪಾತ್ರೆಗೆ ತೂತು ಕೊರೆದು ತಂತಿ ಹಾಕಬೇಕು. ಅದು ಕಾಣುತ್ತದೆ, ಆದರೆ ನೀರು ತಡೆಯುತ್ತದೆ. ನೋಡುವ ಪಾತ್ರೆಗೆ ಮರದ ಅಂಟು, ಮೊಟ್ಟೆಯ ಬಿಳಿ, ಅದೇ ಮಡಕೆಯ ಚೂರಿನ ಪುಡಿ. ಅದು ಕಾಣುವುದಿಲ್ಲ, ಆದರೆ ನೀರು ಸೋಕಬಾರದು. ಮದುವೆಯ ದಿನ ಅಕ್ಕಪಕ್ಕದವರು ಒಡೆಯೋನಿಗೆ ಅಂಟಿಸೋಳು ಸಿಕ್ಕಳು, ಇನ್ನೇನು ಸಂಸಾರ ಗಟ್ಟಿ ಎಂದು ನಕ್ಕಿದ್ದರು. ಅಜ್ಜಿಯೂ ಆಗ ನಕ್ಕಿದ್ದಳು.

ಆ ವರ್ಷ ಬೇಸಿಗೆಯ ಕೊನೆಗೆ ಸಂಗ್ರಹಾಲಯದಿಂದ ಒಬ್ಬಾಕೆ ಬಂದಳು. ದಪ್ಪ ಗಾಜಿನ ಕನ್ನಡಕ, ಹೆಗಲಿಗೊಂದು ಚೀಲ. ಮುಂಗೋಣೆಯಲ್ಲಿ ನಿಂತು ಸುತ್ತ ಕಣ್ಣಾಡಿಸಿ, ಒಂದು ಕೋಣೆ ಬಿಟ್ಟುಕೊಡುತ್ತೇವೆ, ನಲವತ್ತು ಪಾತ್ರೆಗೆ ಜಾಗ ಇದೆ, ಬಾಗಿಲ ಮೇಲೆ ನಿಮ್ಮ ತಂದೆಯ ಹೆಸರು ಹಾಕುತ್ತೇವೆ ಎಂದಳು. ಯಾವ ನಲವತ್ತು ಎಂದು ಮನೆಯವರೇ ಆರಿಸಿ, ಒಂದೊಂದಕ್ಕೂ ಒಂದು ಚೀಟಿ ಬರೆದಿಡಿ, ಐದು ವಾರ ಬಿಟ್ಟು ಬರುತ್ತೇನೆ ಎಂದಳು. ಹೋಗುವಾಗ ಬಾಗಿಲಲ್ಲಿ ತಿರುಗಿ, ಉಳಿದದ್ದನ್ನು ಏನೂ ಮಾಡಬೇಡಿ ಎಂದೂ ಹೇಳಿದಳು. ಮೇಸ್ತ್ರಿಗೆ ಅದು ಕೇಳಿಸಲೇ ಇಲ್ಲ. ಬಾಗಿಲ ಮೇಲೆ ಅಪ್ಪನ ಹೆಸರು ಎಂದ ಮೇಲೆ ಅವನ ಕಿವಿ ಮುಚ್ಚಿಹೋಗಿತ್ತು.

ಅಪ್ಪನಿಗೊಂದು ಪದ್ಧತಿಯಿತ್ತು. ಒಂದೇ ಥರದ ಎರಡು ಸಿಕ್ಕರೆ ಚೆನ್ನಾಗಿರುವುದನ್ನು ಇಟ್ಟುಕೊಂಡು ಇನ್ನೊಂದನ್ನು ಹಿತ್ತಿಲಿನ ಕಲ್ಲಿನ ಮೇಲಿಟ್ಟು ಹಾರೆಯಿಂದ ಒಡೆಯುತ್ತಿದ್ದ. ಜೋಡಿ ಉಳಿದರೆ ಒಂಟಿಗೆ ಬೆಲೆಯಿಲ್ಲ ಎನ್ನುತ್ತಿದ್ದ. ಮೇಸ್ತ್ರಿ ಅದನ್ನೇ ಹಿಡಿದ. ಅಪ್ಪನ ಕೋಣೆಗೆ ಹೋಗುವುದು ನಲವತ್ತು. ಹೋಗದೆ ಇರುವುದು ಈ ಭೂಮಿಯ ಮೇಲೆ ಇರಕೂಡದು.

ಮರುದಿನ ಬೆಳಗ್ಗೆಯೇ ಶುರು. ಕೆಲಸಕ್ಕೆ ಹೋಗುವ ಮೊದಲು ಹತ್ತು ಮಡಕೆ ಮುಂಗೋಣೆಯಿಂದ ಇಳಿಸುವನು. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವನು. ಗಟ್ಟಿ ಮಡಕೆ ಠಣ್ಣೆನ್ನುತ್ತದೆ, ಬಿರುಕಿದ್ದರೆ ಡಬ್ ಎನ್ನುತ್ತದೆ. ಠಣ್ಣೆಂದದ್ದರಲ್ಲೂ ಇದರ ಹಿಡಿ ಸರಿಯಿಲ್ಲ, ಇದರ ಬಣ್ಣ ಮಾಸಿದೆ ಎಂದು ಏನೋ ಒಂದು ಹುಳುಕು ತೆಗೆದು ಹಿತ್ತಿಲಿಗೆ ಒಯ್ಯುವನು. ಅಡುಗೆಮನೆಯಲ್ಲಿ ಅವನ ಹೆಂಡತಿ, ಅಜ್ಜಿಯ ಸೊಸೆ, ಸೊಪ್ಪು ಹೆಚ್ಚುತ್ತಾ ಹಾರೆ ಬೀಳುವುದನ್ನು ಎಣಿಸುತ್ತಿದ್ದಳು. ಹತ್ತಕ್ಕೆ ಹತ್ತೂ ಬಿದ್ದರೆ ಅವಳಿಗೆ ಸಮಾಧಾನ. ಆವತ್ತಿನ ಕೈಬಲ ಅಲ್ಲಿಗೆ ಖರ್ಚಾಯಿತು ಎಂದು ಲೆಕ್ಕ.

ಒಳಕೋಣೆಯ ಹಲಗೆಗಳ ತಂಟೆಗೆ ಮಾತ್ರ ಅವನು ಹೋಗಲಿಲ್ಲ. ಅಲ್ಲಿ ಮೂವತ್ತೊಂಬತ್ತು ಇದ್ದವು. ಒಳಗಿನವನ್ನು ಯಾರೂ ತಟ್ಟಬಾರದು ಎಂದು ಅಪ್ಪ ಬದುಕಿದ್ದಷ್ಟು ದಿನವೂ ಹೇಳಿದ್ದ. ಒಮ್ಮೆ ಕಿರಿಯ ಮಗ ಆಟಕ್ಕೆಂದು ತಟ್ಟಲು ಹೋಗಿ ಬೆನ್ನ ಮೇಲೆ ಬಾಸುಂಡೆ ಎಬ್ಬಿಸಿಕೊಂಡಿದ್ದ. ಅಷ್ಟು ಬೆಲೆಬಾಳುವಂಥವು, ತಟ್ಟಿದರೂ ಸವೆದಾವು ಎಂದು ಅಪ್ಪನಿಗೆ ಭಯ, ಹಾಗೆಂದು ಮೇಸ್ತ್ರಿ ತಿಳಿದಿದ್ದ. ಆದ್ದರಿಂದ ಅವು ಮೂವತ್ತೊಂಬತ್ತೂ ಆರಿಸಿದ ಹಾಗೇ. ಬೇಕಾದದ್ದು ಹೊರಗಿನ ಇನ್ನೂರ ಅರವತ್ತರಲ್ಲಿ ಒಂದೇ ಒಂದು.

ಅವು ಯಾಕೆ ಒಳಗಿದ್ದವು ಎಂಬುದು ಗೊತ್ತಿದ್ದದ್ದು ಅಜ್ಜಿಗೆ ಮಾತ್ರ. ಆ ಮೂವತ್ತೊಂಬತ್ತೂ ಒಡೆದು ಕೂಡಿಸಿದವು. ಗಂಡನ ಕೈಯಿಂದ ಒಂದೊಂದಾಗಿ ಹಾರಿದವು. ಬೇಳೆಗೆ ಉಪ್ಪು ಜಾಸ್ತಿಯಾದ ದಿನ, ನೀರು ಕಾಯಿಸಿಡದ ದಿನ, ಏನೂ ಆಗದ ದಿನವೂ. ಎಸೆದವನು ಮನೆ ಬಿಟ್ಟು ಹೋಗುತ್ತಿದ್ದ. ಮೂರನೆಯ ದಿನ ಬರುತ್ತಿದ್ದ. ಅಷ್ಟರಲ್ಲಿ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಚೂರು ಕೂಡಿಸಿ ಮಡಕೆಯನ್ನು ನಿಲ್ಲಿಸಿರುತ್ತಿದ್ದಳು. ಅವನು ನೋಡುವನು, ಏನೂ ಕೇಳನು, ಒಳಕೋಣೆಗೆ ಒಯ್ದು ಇಡುವನು. ತಟ್ಟಿದರೆ ಡಬ್ ಎನ್ನುತ್ತದೆಂದು ಅವನಿಗೂ ಗೊತ್ತಿತ್ತು.

ಎರಡನೆಯ ವಾರ ಅಜ್ಜಿ ಊಟದ ಹೊತ್ತಿಗೆ ಬಾಯಿ ಬಿಟ್ಟಳು. ಹೊರಗಿನವೇ ಗಟ್ಟಿ ಪದಾರ್ಥ ಕಣಪ್ಪಾ, ಒಡೆಯೋದು ನಿಲ್ಲಿಸು, ಒಳಗಿನದ್ದನ್ನು ಒಂದು ಸಲ ತಟ್ಟಿ ನೋಡು ಎಂದಳು.

ಮೇಸ್ತ್ರಿ ಅಗಿಯುವುದನ್ನು ನಿಲ್ಲಿಸಿದ.

"ಅಪ್ಪ ಏನಂದಿದ್ದ?"

"ಅವನು ಅಂದಿದ್ದು ನಂಗೂ ಗೊತ್ತು."

"ಗೊತ್ತಿದ್ದೂ ಹೇಳ್ತೀಯಲ್ಲ. ಅವನು ಹೋಗಿ ಎರಡು ವರ್ಷ ಆಗಿಲ್ಲ, ಆಗ್ಲೇ ಅವನ ಮಾತು ಹಳಸಿಹೋಯ್ತಾ ನಿಂಗೆ?"

ತಟ್ಟೆ ಎದ್ದು ಗೋಡೆಗೆ ಹೋಯಿತು. ಅನ್ನ ಸೊಸೆಯ ಕೂದಲಲ್ಲಿ ಕೂತಿತು. ಅತ್ತೆಗೆ ಇದನ್ನೆಲ್ಲ ಹೇಳಿಕೊಟ್ಟವಳು ನೀನೇ ಎಂದು ಅವನು ಸೊಸೆಯ ಕಿವಿಯ ಮೇಲೆ ಬಾರಿಸಿದ. ಎಡಗಿವಿ, ಮೊದಲೇ ಅದರಲ್ಲಿ ಅರ್ಧ ಸದ್ದು ಹೋಗಿತ್ತು. ಅಜ್ಜಿ ಆಮೇಲೆ ಆ ಮಾತು ಎತ್ತಲಿಲ್ಲ. ತಾನು ಬಾಯಿ ಬಿಟ್ಟರೆ ಏಟು ಬೀಳುವುದು ತನಗಲ್ಲ ಎಂದು ಅವಳಿಗೆ ಅರ್ಥವಾಗಿತ್ತು. ಹದಿನಾರು ವರ್ಷದಿಂದ ಆ ಹಲಗೆಗಳ ಧೂಳು ಒರೆಸಿದವಳು ಸೊಸೆ. ನಾಳೆ ಅವು ಒಡಕಲು ಎಂದು ಬಯಲಾದರೆ ಯಾರ ಕೈಯಿಂದ ಎಂದು ಮೇಸ್ತ್ರಿ ಯಾರನ್ನೂ ಕೇಳುವವನಲ್ಲ.

ಮೊಮ್ಮಗಳಿಗೆ ಹದಿನೈದು. ದುಂಡಗಿನ ಅಕ್ಷರ. ಚೀಟಿ ಬರೆಯುವ ಕೆಲಸ ಅವಳದು. ಹೂಜಿ ಒಂದು, ಕಂದು ಬಣ್ಣ, ಇಂಥ ಕಡೆ ಸಿಕ್ಕಿದ್ದು, ಸ್ಥಿತಿ ಉತ್ತಮ. ಮೂವತ್ತೊಂಬತ್ತಕ್ಕೂ ಸ್ಥಿತಿ ಉತ್ತಮ ಎಂದೇ ಮೇಸ್ತ್ರಿ ಬರೆಸಿದ. ಬರೆಯುತ್ತಾ ಬರೆಯುತ್ತಾ ಅವಳು ಒಂದು ಹೂಜಿಯನ್ನು ಬೆಳಕಿಗೆ ಹಿಡಿದು, ಇದರ ಹಿಡಿಯ ಬುಡದಲ್ಲಿ ಮೂರು ಮೂಲೆಯ ಮೇಣ ಯಾಕಿದೆ ಎಂದು ಅಜ್ಜಿಯನ್ನು ಕೇಳಿದಳು. ಅಲ್ಲಿಯ ಚೂರು ಸಿಗಲಿಲ್ಲ ಎಂದಷ್ಟೇ ಅಜ್ಜಿ ಹೇಳಿದ್ದು. ಹುಡುಗಿ ಅಜ್ಜಿಯ ಮುಖ ನೋಡಿದಳು, ಹೂಜಿ ನೋಡಿದಳು, ಚೀಟಿಯ ಮೇಲೆ ಸ್ಥಿತಿ ಉತ್ತಮ ಎಂದು ಬರೆದಳು.

ಮೂರನೆಯ ವಾರ ಕಿರಿಯ ಮಗ ಬಂದ. ಬೇಕರಿಯಲ್ಲಿ ಬ್ರೆಡ್ಡು ಸುಡುವ ಕೆಲಸ, ಅದೇ ಬೇಕರಿಯ ಮೇಲೆ ಎರಡು ಕೋಣೆಯ ಬಿಡಾರ. ಬರುವಾಗ ಅಮ್ಮನಿಗೆ ಒಂದು ಬಿಸಿ ಬ್ರೆಡ್ಡು ಬಗಲಲ್ಲಿಟ್ಟುಕೊಂಡು ಬಂದಿದ್ದ. ಹಿತ್ತಿಲಿನ ಚೂರಿನ ಗುಡ್ಡೆ ನೋಡಿ ಬ್ರೆಡ್ಡನ್ನು ಕಟ್ಟೆಯ ಮೇಲಿಟ್ಟು ಮರೆತ. ಆ ಹೊತ್ತಿಗೆ ಕಲ್ಲಿನ ಮೇಲೆ ಒಂದು ಎತ್ತರದ ಗುಡಾಣ ಕೂತಿತ್ತು. ಎಷ್ಟು ಚೆನ್ನಾಗಿ ಸುಟ್ಟ ಮಡಕೆಯೆಂದರೆ ಗಾಳಿ ಬೀಸಿದರೂ ಗುಂಯ್ ಎನ್ನುತ್ತಿತ್ತು.

"ಅಣ್ಣಾ, ಇದೊಂದು ಬಿಡು. ನಾನು ಹೊತ್ಕೊಂಡು ಹೋಗ್ತೀನಿ. ಹಿಟ್ಟು ಹಾಕಿಡ್ತೀನಿ."

"ಅಪ್ಪನ ಮಾಲು ಹಿಟ್ಟಿಗೆ?"

"ಅಪ್ಪನ ಮಾಲು ಮಣ್ಣಿಗೆ ಅನ್ನೋದಕ್ಕಿಂತ ವಾಸಿ ಅಲ್ವಾ?"

ಮೇಸ್ತ್ರಿ ಹಾರೆ ಎತ್ತಿದ. ಕಿರಿಯವನು ಗುಡಾಣದ ಬಾಯಿಯ ಮೇಲೆ ತನ್ನ ಬಲಗೈ ಅಡ್ಡ ಇಟ್ಟ. ಇಟ್ಟರೆ ಅಣ್ಣ ನಿಲ್ಲಿಸುತ್ತಾನೆ ಎಂದು ಅವನು ನಂಬಿದ್ದ. ಹಾರೆ ಇಳಿಯಿತು. ಎರಡು ಸದ್ದು ಒಟ್ಟಿಗೇ ಬಂದವು. ಒಂದು ದೊಡ್ಡದು, ಒಂದು ಒಣ ಕಡ್ಡಿ ಮುರಿದಷ್ಟು ಸಣ್ಣದು. ಅಜ್ಜಿಗೆ ಆ ಸಣ್ಣದೇ ಕೇಳಿಸಿದ್ದು. ಓಡಿಬಂದು ನೋಡಿದರೆ ಕಿರಿಯವನ ಮುಂಗೈ ಬಾಗಬಾರದ ಕಡೆ ಬಾಗಿತ್ತು.

ಅವನೇ ಕೈ ಇಟ್ಟಿದ್ದು ಎಂದ ಮೇಸ್ತ್ರಿ. ಅದನ್ನೇ ಆಸ್ಪತ್ರೆಯಲ್ಲೂ ಹೇಳಿದ. ಬೀದಿಯಲ್ಲೂ ಹೇಳಿದ. ಹೇಳಿ ಹೇಳಿ ಅವನಿಗೇ ಅದು ನಿಜವಾಯಿತು. ಕಟ್ಟೆಯ ಮೇಲಿನ ಬ್ರೆಡ್ಡನ್ನು ಸಂಜೆ ಸೊಸೆ ಕೊಯ್ದು ಎಲ್ಲರಿಗೂ ಬಡಿಸಿದಳು. ಮೇಸ್ತ್ರಿ ಎರಡು ಹೋಳು ತಿಂದ. ಅಜ್ಜಿ ತನ್ನ ಹೋಳನ್ನು ಮುಟ್ಟಲಿಲ್ಲ.

ನಾಲ್ಕನೆಯ ವಾರ ಮುಗಿಯುವಷ್ಟರಲ್ಲಿ ಮುಂಗೋಣೆ ಬರಿದಾಯಿತು. ಇನ್ನೂರ ಅರವತ್ತರಲ್ಲಿ ಉಳಿದದ್ದು ಒಂದು ಎಣ್ಣೆ ಜಾಡಿ. ಅದು ನಲವತ್ತನೆಯದು. ತಟ್ಟಿದರೆ ಗಂಟೆ ಬಾರಿಸಿದ ಹಾಗೆ ಕೇಳುತ್ತಿತ್ತು. ಅದನ್ನು ಮೇಸ್ತ್ರಿ ಊಟದ ಕೋಣೆಯಲ್ಲೇ ಇಟ್ಟುಕೊಂಡು ಬಂದವರಿಗೆಲ್ಲ ತಟ್ಟಿ ಕೇಳಿಸಿದ. ಹೊರಗಿನದೇ ಹೀಗಿದ್ದರೆ ಒಳಗಿನವು ಹೇಗಿರಬೇಡ ಎನ್ನುತ್ತಿದ್ದ.

ಸಂಗ್ರಹಾಲಯದಾಕೆ ಬರುವ ಹಿಂದಿನ ದಿನ ಬೆಳಗ್ಗೆ, ಒಳಗಿನವನ್ನೆಲ್ಲ ಇಳಿಸಿ ಬಿಸಿನೀರಲ್ಲಿ ನೆನೆಹಾಕಿ ತೊಳಿ ಎಂದು ಅವನು ಹೆಂಡತಿಗೆ ಹೇಳಿದ. ಐವತ್ತು ವರ್ಷದ ಹೊಗೆ ಕೂತಿತ್ತು. ಅತ್ತೆ ಒಣಬಟ್ಟೆಯಲ್ಲಿ ಒರೆಸು ಅಂದಿದ್ದಾರೆ, ನೀರು ಮುಟ್ಟಿಸಬೇಡ ಅಂದಿದ್ದಾರೆ ಎಂದು ಸೊಸೆ ಮೆಲ್ಲಗೆ ಹೇಳಿದಳು. ಅವನು ಅವಳ ಮಣಿಕಟ್ಟು ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ನಾನು ಸುಣ್ಣ ತರಲು ಹೋಗಿ ಬರುವಷ್ಟರಲ್ಲಿ ಎಲ್ಲ ಪಳಪಳ ಅನ್ನಬೇಕು, ಒಂದರ ಮೇಲೆ ಮಸಿ ಕಂಡರೆ ಆ ಮಸಿಯನ್ನು ನಿನ್ನ ಮುಖಕ್ಕೆ ಬಳಿಯುತ್ತೇನೆ ಎಂದು ಹೇಳಿ ಹೊರಟ.

ಸೊಸೆ ಒಲೆಯ ಮುಂದೆ ಕೂತು ಮಣಿಕಟ್ಟು ಉಜ್ಜಿಕೊಂಡಳು. ತೊಳೆದರೂ ಏಟು, ತೊಳೆಯದಿದ್ದರೂ ಏಟು. ಅಜ್ಜಿ ಅವಳನ್ನು ನೋಡಿದಳು. ತಾನೇ ಐವತ್ತು ವರ್ಷದ ಹಿಂದೆ ಅದೇ ಒಲೆಯ ಮುಂದೆ ಅದೇ ಕೈ ಉಜ್ಜಿಕೊಂಡಿದ್ದಳು. ಆಮೇಲೆ ಸೆರಗು ಸಿಕ್ಕಿಸಿ ಎದ್ದಳು.

"ನೀನು ಈ ಕಡೆ ಬರಬೇಡ. ಒಂದನ್ನೂ ಮುಟ್ಟಬೇಡ. ನಾನು ತೊಳೀತೀನಿ."

"ನೀರಿಗೆ ಹಾಕಿದ್ರೆ ಏನಾಗುತ್ತೆ ಅತ್ತೆ?"

"ಏನಾಗಬೇಕೋ ಅದಾಗುತ್ತೆ."

ಮೂರು ದೊಡ್ಡ ತೊಟ್ಟಿಗೆ ಬೆಚ್ಚಗಿನ ನೀರು ತುಂಬಿಸಿ, ಅಜ್ಜಿ ಒಂದೊಂದನ್ನೇ ತಂದು ಮುಳುಗಿಸಿದಳು. ಮಗುವಿಗೆ ಸ್ನಾನ ಮಾಡಿಸುವವಳ ಹಾಗೆ ಕೈ ಕೆಳಗೆ ಕೊಟ್ಟು ಇಳಿಸಿದಳು. ಗುಳುಗುಳು ಎಂದು ಗಾಳಿ ಬಿಟ್ಟವು. ಸ್ವಲ್ಪ ಹೊತ್ತಿಗೆ ನೀರು ಬೆಳ್ಳಗಾಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಹೂಜಿ ಸಿಪ್ಪೆ ಸುಲಿದ ಕಿತ್ತಳೆಯ ಹಾಗೆ ತೊಳೆತೊಳೆಯಾಗಿ ಬಿಚ್ಚಿಕೊಂಡಿತು. ಆಮೇಲೆ ಇನ್ನೊಂದು. ಮೊಮ್ಮಗಳು ಶಾಲೆಯಿಂದ ಬಂದು ತೊಟ್ಟಿಯ ಅಂಚಿನಲ್ಲಿ ನಿಂತಾಗ ಮೂವತ್ತೊಂಬತ್ತೂ ಚೂರುಚೂರಾಗಿ ತಳದಲ್ಲಿ ಮಲಗಿದ್ದವು.

ಮೇಸ್ತ್ರಿ ಸುಣ್ಣದ ಚೀಲ ಹೊತ್ತು ಬಂದ. ತೊಟ್ಟಿಯೊಳಗೆ ನೋಡಿದ. ಚೀಲ ಕೆಳಗೆ ಬಿತ್ತು. ಅವನು ತೊಟ್ಟಿಯ ಬಳಿ ನಿಂತಿದ್ದ ಅಮ್ಮನನ್ನು ನೋಡಲಿಲ್ಲ. ಅವನ ಕಣ್ಣು ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಹೋಯಿತು.

"ಅವಳಲ್ಲ, ನಾನು. ಅವಳು ಒಂದನ್ನೂ ಮುಟ್ಟಿಲ್ಲ" ಎಂದಳು ಅಜ್ಜಿ.

ಅವನಿಗೆ ಅದೂ ಕೇಳಿಸಲಿಲ್ಲ. ಊಟದ ಕೋಣೆಗೆ ನುಗ್ಗಿದ. ಕೈಗೆ ಸಿಕ್ಕಿದ್ದು ಎಣ್ಣೆ ಜಾಡಿ. ಅದನ್ನು ಎರಡೂ ಕೈಯಿಂದ ಎತ್ತಿ ಹೆಂಡತಿಯ ಮೇಲೆ ಎಸೆದ. ಜಾಡಿ ಅವಳ ಹೆಗಲ ಮೂಳೆಗೆ ಬಡಿದು, ಗೋಡೆಗೆ ಹೋಗಿ, ಕೊನೆಯ ಸಲ ಠಣ್ಣೆಂದು ಒಡೆಯಿತು. ಅವಳು ಕುಸಿದಳು. ಅವನು ಕಾಲೆತ್ತಿ ಒಂದು ಒದೆದ, ಎರಡು ಒದೆದ. ಮೊಮ್ಮಗಳು ಅವನ ಬೆನ್ನಿಗೆ ಜೋತುಬಿದ್ದಳು. ಕೊಡವಿದ ರಭಸಕ್ಕೆ ಅವಳ ಹಣೆ ಮೇಜಿನ ಮೂಲೆಗೆ ಬಡಿದು ರಕ್ತ ಇಳಿಯಿತು.

ಅಜ್ಜಿ ತೊಟ್ಟಿಯಿಂದ ಒಂದು ಹಿಡಿ ಚೂರು ತಂದು ಸೊಸೆಯ ಮೇಲೆ ಬಾಗಿ ನಿಂತಳು. ಇನ್ನು ಒದೆಯಬೇಕಾದರೆ ಅವಳನ್ನೇ ಒದೆಯಬೇಕು.

"ನಿನ್ನಪ್ಪ ಒಡೆದದ್ದು ಇವು. ಎಲ್ಲಾನೂ ನನ್ನ ಮೈ ಮೇಲೆ. ಅದಕ್ಕೇ ತಟ್ಟಬೇಡಿ ಅಂದ."

"ಅಪ್ಪ ಒಂದು ಕುಡಿಕೆ ಒಡೆದೋನಲ್ಲ. ಸುಳ್ಳು ಹೇಳಬೇಡ ಮುದುಕಿ."

"ಕಾಳಿನ ಪೆಟ್ಟಿಗೆ ಹಿಂದೆ ಕೂತಿರ್ತಿದ್ದೆಯಲ್ಲೋ. ತಮ್ಮ ಅಳಬಾರದು ಅಂತ ಅವನ ಬಾಯಿ ಮುಚ್ಚಿಕೊಂಡು. ನಿನ್ನಪ್ಪ ಆಚೆ ಹೋದ ತಕ್ಷಣ ಬಂದು ಚೂರು ಹುಡುಕಿ ಕೊಡ್ತಿದ್ದೋನು ಯಾರು? ನಿನ್ನ ಬೆರಳು ಸಣ್ಣವು. ಪೆಟ್ಟಿಗೆ ಸಂದಿಗೆಲ್ಲ ಹೋಗ್ತಿದ್ದವು."

ಮೇಸ್ತ್ರಿ ತಿರುಗಿದ. ಹಿತ್ತಿಲಿಗೆ ಹೋಗಿ ಹಾರೆ ತೆಗೆದುಕೊಂಡ. ಮೂರು ತೊಟ್ಟಿಯ ಬುಡಕ್ಕೂ ಅದನ್ನು ಹಾಕಿ ಮಗುಚಿದ. ನೀರು ಅಂಗಳದ ತುಂಬ ಹರಿದು, ಚೂರುಗಳು ಅಲ್ಲಲ್ಲಿ ನಿಂತವು. ಇನ್ನು ಹೊಡೆಯಲು ಏನೂ ಉಳಿದಿರಲಿಲ್ಲ. ಹಾರೆಯನ್ನು ಗೋಡೆಯ ಆಚೆಗೆ ಎಸೆದು ಹೊರಟುಹೋದ, ಬರಿಗಾಲಲ್ಲಿ.

ಮನೆ ತಣ್ಣಗಾಯಿತು. ಅವನಪ್ಪನ ಹಾಗೇ ಇವನೂ ಮೂರನೆಯ ದಿನದವರೆಗೆ ಬರುವುದಿಲ್ಲ ಎಂದು ಅಜ್ಜಿಗೆ ಗೊತ್ತಿತ್ತು. ಸೊಸೆ ಗೋಡೆ ಹಿಡಿದು ಎದ್ದಳು. ಒಂದು ಕೈ ಜೋತಾಡುತ್ತಿತ್ತು. ಇನ್ನೊಂದು ಕೈಯಲ್ಲೇ ಹೋಗಿ ಒಂದು ಬಟ್ಟಲಿಗೆ ನಾಲ್ಕು ಮೊಟ್ಟೆ ಒಡೆದು, ಅಜ್ಜಿಯ ಅಂಟಿನ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿಕೊಂಡು ಬಂದು ಮುಂದಿಟ್ಟಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಯಾವಾಗಲೋ ನೋಡಿಟ್ಟುಕೊಂಡಿದ್ದಳು.

ಅಜ್ಜಿ ಬಟ್ಟಲು ನೋಡಿದಳು.

"ಬಿಳಿ ಬೇರೆ ಮಾಡಬೇಡ. ಹಾಗೇ ಬಾಣಲೆಗೆ ಸುರಿ. ಮಗು ಹಸಿದಿದೆ, ತಿಂದು ಮೂರೂ ಜನ ಆಸ್ಪತ್ರೆಗೆ ಹೋಗೋಣ."

"ಮತ್ತೆ ಇವು?"

"ನಾನು ಕೂಡಿಸಲ್ಲ ಕಣೇ. ಸಾಕು."

ಮೊಮ್ಮಗಳ ಹಣೆಗೆ ಬಟ್ಟೆ ಕಟ್ಟಿ, ಮೂವರೂ ಒಂದೇ ತಟ್ಟೆಯಲ್ಲಿ ಹುರಿದ ಮೊಟ್ಟೆ ತಿಂದರು. ಸೊಸೆಗೆ ಅಜ್ಜಿಯೇ ತಿನ್ನಿಸಿದಳು. ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಕೇಳಿದಾಗ ಸೊಸೆ ಜಾರಿ ಬಿದ್ದೆ ಎನ್ನಲು ಹೊರಟಳು. ಅಜ್ಜಿ ನಡುವೆ ಬಾಯಿ ಹಾಕಿ ನನ್ನ ಮಗ ಹೊಡೆದ ಎಂದಳು. ಅಷ್ಟು ಚಿಕ್ಕ ಮಾತು ಆಡಲು ತನಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅಲ್ಲಿಂದ ಸೊಸೆ ಮನೆಗೆ ಬರಲಿಲ್ಲ. ಪ್ಲಾಸ್ಟರ್ ಕೈಯ ಕಿರಿಯವನು ಬಂದು ಅವಳನ್ನು ಬೇಕರಿಯ ಮೇಲಿನ ಕೋಣೆಗೆ ಕರೆದೊಯ್ದ. ಮೊಮ್ಮಗಳು ಆ ಒಂದು ರಾತ್ರಿಯ ಮಟ್ಟಿಗೆ ಅಜ್ಜಿಯ ಜೊತೆ ಹಿಂತಿರುಗಿದಳು.

ಮರುದಿನ ಬೆಳಗ್ಗೆ ಸಂಗ್ರಹಾಲಯದಾಕೆ ಬರುವ ಹೊತ್ತಿಗೆ ಅಜ್ಜಿಯೂ ಮೊಮ್ಮಗಳೂ ಮಾತ್ರ ಇದ್ದರು. ಚೂರುಗಳನ್ನು ಒಣಗಿಸಿ, ಒಂದೊಂದು ಮಡಕೆಯದ್ದು ಒಂದೊಂದು ಬಟ್ಟೆಯ ಮೇಲೆ ಹರವಿದ್ದರು. ಕಣ್ಣು ಮುಚ್ಚಿದರೂ ಯಾವ ಚೂರು ಯಾವುದರದ್ದು ಎಂದು ಅಜ್ಜಿಗೆ ತಿಳಿಯುತ್ತಿತ್ತು. ಹಳೆಯ ಚೀಟಿಗಳನ್ನು ಹರಿದು, ಅಜ್ಜಿ ಹೇಳಿದ ಹಾಗೆ ಹುಡುಗಿ ಹೊಸದು ಬರೆದಿದ್ದಳು. ಕುಡಿಕೆ ಒಂದು, ದೊಡ್ಡ ಮಗ ಹುಟ್ಟುವ ಎರಡು ತಿಂಗಳ ಮುಂಚೆ, ಬೇಳೆಗೆ ಉಪ್ಪು ಜಾಸ್ತಿ, ಬಲಗಿವಿಯ ಮೇಲೆ. ಬಟ್ಟಲು ಒಂದು, ಕಾರಣ ನೆನಪಿಲ್ಲ, ಮುಂದಿನ ಎರಡು ಹಲ್ಲು. ಹೂಜಿ ಒಂದು, ತವರಿಗೆ ಹೋಗಿ ಬರುತ್ತೇನೆ ಎಂದು ಕೇಳಿದ್ದಕ್ಕೆ, ಹಿಡಿಯ ಬುಡದ ಚೂರು ಇಲ್ಲ.

ಆಕೆ ಒಂದು ಓದಿದಳು, ಎರಡು ಓದಿದಳು, ಕನ್ನಡಕ ತೆಗೆದು ಒರೆಸಿಕೊಂಡಳು. ಬೇರೆಯವೆಲ್ಲ ಎಲ್ಲಿ ಎಂದು ಕೇಳಿದಳು. ಹಿತ್ತಿಲಿಗೆ ಕರೆದೊಯ್ದು ಗುಡ್ಡೆ ತೋರಿಸಿದರೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಕೊನೆಗೆ, ಈ ಮೂವತ್ತೊಂಬತ್ತನ್ನೂ ಹೀಗೇ ತೆಗೆದುಕೊಂಡು ಹೋಗುತ್ತೇನೆ, ಚೀಟಿಗಳನ್ನೂ ಹೀಗೇ ಇಡುತ್ತೇನೆ, ಒಪ್ಪಿಗೆಯಾ ಎಂದು ಕೇಳಿದಳು. ಅಜ್ಜಿ ಒಪ್ಪಿದಳು. ಬಾಗಿಲ ಮೇಲೆ ಮಾತ್ರ ಹೆಸರು ಬೇಡ ಎಂದಳು. ಹಾಗಾದರೆ ನಲವತ್ತನೆಯ ಜಾಗ ಎಂದಾಗ, ಅದು ನನ್ನ ಮಗನಿಗೆ ಇರಲಿ, ಎರಡು ದಿನ ಬಿಟ್ಟು ಹೇಳುತ್ತೇನೆ ಎಂದಳು.

ಮೂರನೆಯ ದಿನ ಮಧ್ಯಾಹ್ನ ಮೇಸ್ತ್ರಿ ಬಂದ. ಬಂದವನೇ ಒಳಕೋಣೆಗೆ ಹೋದ. ಅವನಪ್ಪನೂ ಹೀಗೇ, ಮೊದಲು ಅಲ್ಲಿಗೇ ಹೋಗಿ ಮಡಕೆ ನಿಂತಿದೆಯೇ ಎಂದು ನೋಡುತ್ತಿದ್ದ. ಹಲಗೆಗಳು ಬರಿದಾಗಿದ್ದವು. ಮಡಕೆ ಕೂತಿದ್ದ ಕಡೆ ದುಂಡಗಿನ ಬಿಳಿ ಗುರುತುಗಳು. ಅಜ್ಜಿ ಕಾಳಿನ ಪೆಟ್ಟಿಗೆಯ ಮೇಲೆ, ಮಡಿಲಲ್ಲಿ ಅಂಟಿನ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು.

"ಎಲ್ಲಿ?"

"ಇದ್ದ ಹಾಗೇ ಹೋದವು."

"ಅವಳು?"

"ಅವಳೂ ಹೋದಳು. ನೀನು ಆ ಕಡೆ ಬರಕೂಡದು."

ಅವನು ಏನೋ ಹೇಳಲು ಬಾಯಿ ತೆರೆಯುವ ಮೊದಲೇ ಅಜ್ಜಿ ಅಂಟಿನ ಪೆಟ್ಟಿಗೆ ತೆರೆದು, ತಳದಿಂದ ಒಂದು ಬಟ್ಟೆಯ ಗಂಟು ಬಿಚ್ಚಿದಳು. ಉಗುರಿನಷ್ಟು ಅಗಲದ, ಮೂರು ಮೂಲೆಯ ಚೂರು. ಅವನ ಅಂಗೈಯಲ್ಲಿಟ್ಟಳು.

"ಹೂಜಿಯ ಹಿಡಿಯದ್ದು. ಚೂರು ಆರಿಸೋಕೆ ಓಡಿಬಂದು ತುಳಿದೆ. ನಿನ್ನ ಅಂಗಾಲಿಂದ ನಾನೇ ಸೂಜಿ ಹಾಕಿ ತೆಗೆದೆ, ಆರು ವರ್ಷ ನಿಂಗೆ. ಅಳಲೇ ಇಲ್ಲ ನೀನು, ಅಪ್ಪ ಕೇಳಿಸಿಕೊಂಡಾನು ಅಂತ. ಸಂಗ್ರಹಾಲಯದಲ್ಲಿ ಒಂದು ಜಾಗ ಖಾಲಿ ಇದೆ. ಇದನ್ನ ಸೇರಿಸೋದಾ ಬೇಡವಾ, ನೀನು ಹೇಳು."

ಮೇಸ್ತ್ರಿ ಗೋಡೆಗೆ ಒಂದು ಕೈ ಊರಿದ. ಎಡಗಾಲನ್ನು ಮಂಡಿಯ ಮೇಲಕ್ಕೆ ಎತ್ತಿ ಅಂಗಾಲನ್ನು ನೋಡಿಕೊಂಡ. ಮೂರು ದಿನದ ಧೂಳಿನ ಕೆಳಗೆ ಹಳೆಯ ಗಾಯದ ಬಿಳಿ ಗೆರೆ ಇತ್ತು. ಅವನ ಮುಖ ಒಂದು ಕ್ಷಣ ಸಡಿಲವಾಯಿತು, ಮತ್ತೆ ಬಿಗಿಯಿತು.

"ಸುಳ್ಳು."

ತೋಳು ಬೀಸಿ ಎಸೆದ. ಚೂರು ಗೋಡೆಗೆ ಬಡಿದು, ನೆಲದ ಮೇಲೆ ಗಿರಗಿರ ತಿರುಗಿ, ಕಾಳಿನ ಪೆಟ್ಟಿಗೆಯ ಕೆಳಗೆ ಸರಿದುಹೋಯಿತು.

ಆ ಗೋಡೆಗೆ ಬಡಿದದ್ದನ್ನೆಲ್ಲ ಅಜ್ಜಿ ಐವತ್ತು ವರ್ಷ ಬಗ್ಗಿ ಬಗ್ಗಿ ಆರಿಸಿದ್ದಳು. ಅಭ್ಯಾಸಕ್ಕೆ ಸೊಂಟ ಮುಂದಕ್ಕೆ ಬಂತು. ಅಲ್ಲೇ ತಡೆದಳು. ಕಾಳಿನ ಪೆಟ್ಟಿಗೆಯಿಂದ ಇಳಿದು, ಅಂಟಿನ ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿಕೊಂಡು ಹೊಸ್ತಿಲ ಕಡೆ ನಡೆದಳು.

"ನಂಗೆ ಅಡುಗೆ ಯಾರು ಮಾಡೋರು?" ಎಂದ ಅವನು ಹಿಂದಿನಿಂದ. ದನಿ ದೊಡ್ಡದಾಗಿಯೇ ಇತ್ತು.

"ಒಲೆ ಅಲ್ಲೇ ಇದೆ."

ಬೀದಿಗೆ ಇಳಿದು ನಾಲ್ಕು ಮನೆ ದಾಟಿದ್ದಳೋ ಇಲ್ಲವೋ, ಹಿಂದೆ ಆ ಮನೆಯೊಳಗಿಂದ ಒಂದು ಸದ್ದು ಬಂತು. ಒಡೆದದ್ದಲ್ಲ. ಭಾರದ ಮರ ನೆಲದ ಮೇಲೆ ಕರಕರ ಎಳೆದದ್ದು. ಕಾಳಿನ ಪೆಟ್ಟಿಗೆ ಸರಿಸುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಆ ಬೆರಳುಗಳು ಈಗ ಆ ಸಂದಿಗೆ ಹೋಗುವುದಿಲ್ಲ.

ಅಜ್ಜಿ ನಿಲ್ಲಲಿಲ್ಲ. ಬೇಕರಿಯ ಕಡೆಯಿಂದ ಬ್ರೆಡ್ಡು ಬೆಂದ ವಾಸನೆ ಬರುತ್ತಿತ್ತು. ಆ ಕಡೆ ನಡೆದಳು.